ನೀರಲ್ಲಿ ಎಷ್ಟು ದಿನ, ಬಿಸಿಲಲ್ಲಿ ಎಷ್ಟು ದಿನ: ತುಂಗಭದ್ರಾ ಸೀಮೆಯಲ್ಲಿ ಬೆಳೆ ಆರಿಸುವ ಲೆಕ್ಕ

ಮೇ ತಿಂಗಳು ಬಂತೆಂದರೆ ಸಿಂಧನೂರು, ಕಾರಟಗಿ, ಸಿರುಗುಪ್ಪದ ಚಹಾದಂಗಡಿಗಳಲ್ಲಿ ಒಂದೇ ಮಾತು. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ? ಕಾಲುವೆಗೆ ಯಾವಾಗ ನೀರು ಬಿಡ್ತಾರೆ? ಯಾವ ಬೆಳೆ ಅಂತ ಯಾರೂ ಕೇಳುವುದಿಲ್ಲ. ನೀರು ಬಂದರೆ ಭತ್ತ, ಬರದಿದ್ದರೆ ಆಮೇಲೆ ನೋಡೋಣ. ನಮ್ಮ ಮನೆಯಲ್ಲೂ ಇಪ್ಪತ್ತು ವರ್ಷ ನಡೆದದ್ದು ಇದೇ.

ನಮ್ಮದು ಎಡದಂಡೆ ಕಾಲುವೆಯ ಕೆಳಗೆ ಆರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ. ಅದಲ್ಲದೆ ಅಮ್ಮನ ತವರಿನಿಂದ ಬಂದ ಮೂರು ಎಕರೆ ಮಸಾರಿ (ಕೆಂಪು ಮಣ್ಣಿನ ಹೊಲ) ಕುಷ್ಟಗಿ ಕಡೆ ಇದೆ, ಅದು ಪೂರ್ತಿ ಮಳೆ ನಂಬಿದ್ದು. ಒಂದು ಕಡೆ ನೀರು ಜಾಸ್ತಿ ಅಂತ ಜಗಳ, ಇನ್ನೊಂದು ಕಡೆ ನೀರಿಲ್ಲ ಅಂತ ಜಗಳ. ಈ ಬರಹ ಆ ಎರಡು ಜಗಳಗಳಿಂದ ಹುಟ್ಟಿದ್ದು.

ಎಕರೆಗೆ ಎಷ್ಟು ಚೀಲ ಅನ್ನೋ ಲೆಕ್ಕ ಎಲ್ಲರಿಗೂ ಗೊತ್ತು. ನಾನು ಅದರ ಪಕ್ಕದಲ್ಲಿ ಇನ್ನೆರಡು ಅಂಕಿ ಬರೆದಿಡುತ್ತೇನೆ. ವರ್ಷದಲ್ಲಿ ಹೊಲ ಎಷ್ಟು ದಿನ ನೀರಲ್ಲಿ ನಿಂತಿರುತ್ತದೆ? ಎಷ್ಟು ದಿನ ಮೈಮೇಲೆ ಏನೂ ಇಲ್ಲದೆ ಬಿದ್ದಿರುತ್ತದೆ? ನೀರಿನ ದಿನ ಹೆಚ್ಚಾದರೆ ಗಾಳಿಗೆ ಬಿಸಿ ಏರಿಸುವ ಮೀಥೇನ್ ಅನಿಲ, ಮಣ್ಣಿಗೆ ಉಪ್ಪು. ಬರಿ ನೆಲದ ದಿನ ಹೆಚ್ಚಾದರೆ ಮಣ್ಣೇ ಹೋಗುತ್ತದೆ. ಒಳ್ಳೆ ಬೆಳೆ, ಕೆಟ್ಟ ಬೆಳೆ ಅನ್ನೋ ವಾದಕ್ಕಿಂತ ಈ ದಿನಗಳ ಎಣಿಕೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ನಾಟಿ ಭತ್ತವೋ, ಕೂರಿಗೆ ಭತ್ತವೋ

ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆಯುವ ಬೇರು, ಹುಲ್ಲು ತಿಂದು ಮೀಥೇನ್ ಬಿಡುತ್ತವೆ. ಅದರಲ್ಲಿ ಬಹುಪಾಲು ಮೇಲೆ ಬರುವುದು ಭತ್ತದ ಗಿಡದ ಒಳಗಿನ ಟೊಳ್ಳಿನಿಂದಲೇ. ಗಿಡವೇ ಹೊಗೆ ಕೊಳವೆ ಇದ್ದ ಹಾಗೆ. ನೂರು ವರ್ಷದ ಲೆಕ್ಕ ಹಿಡಿದರೆ ಒಂದು ಕೆಜಿ ಮೀಥೇನ್ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಏರಿಸುತ್ತದೆ.

ಹವಾಮಾನದ ಬಗ್ಗೆ ವಿಶ್ವಸಂಸ್ಥೆ ಮಾಡಿದ ಐಪಿಸಿಸಿ ಸಮಿತಿ 2019ರಲ್ಲಿ ದಕ್ಷಿಣ ಏಷ್ಯಾದ ಗದ್ದೆಗಳಿಗೆ ಒಂದು ಸರಾಸರಿ ಕೊಟ್ಟಿದೆ. ಸದಾ ನೀರು ನಿಂತಿದ್ದರೆ ಹೆಕ್ಟೇರಿಗೆ ದಿನಕ್ಕೆ ಸುಮಾರು 0.85 ಕೆಜಿ ಮೀಥೇನ್. ನಾನು ಇದನ್ನು ನಮ್ಮ ಎಕರೆಗೆ ಇಳಿಸಿ ನೋಡಿದೆ. 110 ದಿನ ನೀರು ನಿಂತರೆ ಸುಮಾರು 38 ಕೆಜಿ. ಅಂದರೆ ಹತ್ತಿರ ಹತ್ತಿರ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಡೀಸೆಲ್ ಲೆಕ್ಕದಲ್ಲಿ ಹೇಳಿದರೆ 380 ಲೀಟರ್ ಸುಟ್ಟ ಹಾಗೆ. ನಮ್ಮ ಟ್ರ್ಯಾಕ್ಟರು ಒಂದು ಎಕರೆಗೆ ಇಡೀ ವರ್ಷ ಕುಡಿಯುವ ಡೀಸೆಲ್ ಇದರ ಹತ್ತಿರಕ್ಕೂ ಬರುವುದಿಲ್ಲ. ಕಾಗದದ ಮೇಲೆ ಬರೆದು ತೋರಿಸಿದಾಗ ನನ್ನ ತಮ್ಮ ಎರಡು ಸಲ ಕೂಡಿಸಿ ನೋಡಿದ.

ಅದೇ ಸಮಿತಿಯ ಲೆಕ್ಕದ ಪ್ರಕಾರ, ಬೆಳೆಯ ನಡುವೆ ಒಂದು ಸಲ ಗದ್ದೆ ಒಣಗಿಸಿದರೆ ಮೀಥೇನ್ ನೂರಕ್ಕೆ 71ಕ್ಕೆ ಇಳಿಯುತ್ತದೆ. ಹಲವು ಸಲ ಒಣಗಿಸಿದರೆ 55ಕ್ಕೆ. ಹಾಗಂತ ಭತ್ತ ಬಿಡಬೇಕಾಗಿಲ್ಲ, ನೀರು ಕಟ್ಟುವ ರೀತಿ ಬದಲಾಯಿಸಿದರೂ ಅರ್ಧಕ್ಕೆ ಹತ್ತಿರ ಕಡಿಮೆಯಾಗುತ್ತದೆ.

ಒಣಗಿಸುವುದಕ್ಕೆ ಬೇಕಾದ ಸಾಮಾನು ಒಂದು ಅಡಿ ಉದ್ದದ, ಅಂಗೈ ಅಗಲದ ಪಿವಿಸಿ ಪೈಪಿನ ತುಂಡು ಅಷ್ಟೇ. ಕೆಳಗಿನ ಅರ್ಧಕ್ಕೆ ಸುತ್ತ ತೂತು ಹೊಡೆದು, ಆ ಅರ್ಧವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ಕೈಯಿಂದ ತೆಗೆಯಬೇಕು. ಪೈಪಿನೊಳಗೆ ನೀರು ನೆಲದ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟುವುದು. ನಾಟಿಯಾಗಿ ಹತ್ತು ಹದಿನೈದು ದಿನ, ಮತ್ತೆ ಹೂವಾಡುವ ಹೊತ್ತಿನಲ್ಲಿ ಮಾತ್ರ ಒಣಗಲು ಬಿಡಬಾರದು. ನಮ್ಮ ಎರೆ ಮಣ್ಣಿಗೆ ಇನ್ನೊಂದು ಎಚ್ಚರ ಬೇಕು. ನೆಲ ಸೀಳುವ ತನಕ ಕಾಯಬೇಡಿ. ಸೀಳಿತೆಂದರೆ ಮುಂದಿನ ನೀರೆಲ್ಲ ಬಿರುಕಿನ ಪಾಲು.

ಇದರಲ್ಲೂ ಒಂದು ತೊಡಕಿದೆ. ಮಣ್ಣು ಒಣಗಿ ನೆನೆಯುವಾಗ ಯೂರಿಯಾದ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಲದ್ದು. ಆದ್ದರಿಂದ ನೀರು ಉಳಿಸಿ ಯೂರಿಯಾ ಸುರಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. 45 ಕೆಜಿಯ ಯೂರಿಯಾ ಚೀಲದಲ್ಲಿ ಸುಮಾರು 21 ಕೆಜಿ ಸಾರಜನಕ ಇರುತ್ತದೆ. ನೀರಾವರಿ ಭತ್ತಕ್ಕೆ ಎಕರೆಗೆ 60 ಕೆಜಿ ಸಾಕು. ಡಿಎಪಿ, ಕಾಂಪ್ಲೆಕ್ಸ್ ಗೊಬ್ಬರದಿಂದ ಬರುವುದೂ ಇದರಲ್ಲೇ ಸೇರಬೇಕು, ಅಲ್ಲಿಗೆ ಯೂರಿಯಾ ಮೂರು ಚೀಲ ಸಹ ಪೂರ್ತಿ ಬೇಡ. ನಮ್ಮ ಕಡೆ ಐದಾರು ಚೀಲ ಹಾಕುವವರನ್ನು ನೋಡಿದ್ದೇನೆ. ಪಕ್ಕದ ಹೊಲ ಹಸಿರಾಗಿ ಕಂಡರೆ ಕೈ ತಡೆಯುವುದಿಲ್ಲ, ಅಲ್ವಾ?

ಇನ್ನು ಕೂರಿಗೆ ಭತ್ತ. ಸಸಿ ಮಡಿ ಇಲ್ಲ, ಕೆಸರು ಮಾಡುವುದಿಲ್ಲ. ಮೊದಲ ಮಳೆಗೆ ಒಣ ನೆಲದಲ್ಲೇ ಬಿತ್ತಿ, ಕಾಲುವೆ ನೀರು ಬಂದ ಮೇಲೆ ನೀರು ಕಟ್ಟುವುದು. ನೀರಿನ ದಿನ ತಾನಾಗಿಯೇ ಕಡಿಮೆಯಾಗುತ್ತದೆ. ಇನ್ನೊಂದು ಲಾಭ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಸರು ತುಳಿಯದ ಕಾರಣ ಕೆಳಗೆ ಗಟ್ಟಿ ಪದರ ಕಟ್ಟುವುದಿಲ್ಲ. ಹಿಂದೆಯೇ ಕಡಲೆ, ಜೋಳ ಬಿತ್ತಿದರೆ ಬೇರು ಸರಾಗವಾಗಿ ಇಳಿಯುತ್ತದೆ. ಕಷ್ಟ ಇರುವುದು ಕಸದಲ್ಲಿ. ನಿಂತ ನೀರು ಕಸವನ್ನು ಅದುಮಿ ಇಡುತ್ತಿತ್ತು, ಇಲ್ಲಿ ಆ ಕಾವಲು ಇಲ್ಲ. ಬಿತ್ತಿದ ಎರಡು ಮೂರು ದಿನದೊಳಗೆ ಕಳೆನಾಶಕ ಹೊಡೆಯದಿದ್ದರೆ ಮುಂದೆ ಆಳು ಹಚ್ಚಿ ತೆಗೆಸುವ ಖರ್ಚು ನಾಟಿಯ ಖರ್ಚನ್ನೇ ಮೀರುತ್ತದೆ. ಸುಣ್ಣದಂಶ ಇರುವ ಎರೆಯಲ್ಲಿ ಎಳೆ ಗಿಡ ಕಬ್ಬಿಣ ಸಿಗದೆ ಹಳದಿ ತಿರುಗುವುದೂ ಉಂಟು.

ನನ್ನ ತೀರ್ಮಾನ ಹೇಳಬೇಕೆಂದರೆ, ಕಾಲುವೆಯ ಮೇಲ್ಭಾಗದಲ್ಲಿದ್ದು ನೀರು ನಿಮ್ಮ ಕೈಯಲ್ಲಿದ್ದರೆ ನಾಟಿ ಮಾಡಿ, ಪೈಪು ಹೂಳಿ. ನಡುಭಾಗ, ಕೆಳಭಾಗದವರಿಗೆ ಕೂರಿಗೆಯೇ ವಾಸಿ. ನೀರು ಹದಿನೈದು ದಿನ ತಡವಾದರೂ ಬೆಳೆ ಆಗಲೇ ನೆಲದ ಮೇಲಿರುತ್ತದೆ. ಮಡಿಯಿಂದ ಮಡಿಗೆ ನೀರು ಹರಿಯುವ ಕಡೆ ಪೈಪಿನ ಆಟ ನಡೆಯುವುದಿಲ್ಲ. ಮೇಲಿನವರು ಬಿಟ್ಟ ನೀರು ನಿಮ್ಮ ಗದ್ದೆಯಲ್ಲಿ ನಿಲ್ಲುವುದನ್ನು ಯಾವ ಪೈಪು ತಡೆಯುತ್ತದೆ?

ಎರಡನೇ ಬೆಳೆಗೆ ಮತ್ತೆ ಭತ್ತ ಬೇಕೇ

ಮನೆಯಲ್ಲಿ ನಿಜವಾದ ಜಗಳ ಇದೇ. ಎರಡು ಭತ್ತ ಹಾಕಿದರೆ ನೀರಿನ ದಿನ ಇನ್ನೂರು ದಾಟುತ್ತದೆ. ನೆಲಕ್ಕೆ ಉಸಿರಾಡಲು ಸಮಯವೇ ಇಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಯೋಚನೆ ಬೇರೆಯೇ ಇತ್ತು. ಬರದ ಸೀಮೆಗೆ ಒಂದಿಷ್ಟು ನೀರು ಕೊಟ್ಟು, ಕಡಿಮೆ ನೀರಿನ ಬೆಳೆಯನ್ನು ಹೆಚ್ಚು ಜಮೀನಿನಲ್ಲಿ ಬೆಳೆಸಬೇಕು ಅಂತ. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಆಮೇಲೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು ಭತ್ತದ ಕಸುಬು ತಂದರು, ನಮ್ಮವರು ಕಲಿತರು, ಎಲ್ಲರ ಮನೆಯಲ್ಲೂ ಅನ್ನ ತುಂಬಿತು. ಅದನ್ನು ದೂರುವುದು ಸರಿಯಲ್ಲ. ಆದರೆ ಡ್ಯಾಮು ಮಾತ್ರ ಹೂಳು ತುಂಬಿಕೊಂಡು 133 ಟಿಎಂಸಿಯಿಂದ ಸುಮಾರು 105ಕ್ಕೆ ಬಂದು ನಿಂತಿದೆ. ಮೇಲಿನವರ ಎರಡನೇ ಭತ್ತವೆಂದರೆ ಮಾನ್ವಿ, ರಾಯಚೂರು ಕಡೆಯ ಕೊನೆಯ ತೂಬಿಗೆ ಬರದ ನೀರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ನೀರು ಹರಿದುಹೋದಾಗ ಮೇಲಿನವರಿಗೂ ಆ ಭಯ ಒಮ್ಮೆ ಗೊತ್ತಾಯಿತು.

ಒಂದು ಎಕರೆ ಭತ್ತಕ್ಕೆ 1,200 ಮಿ.ಮೀ. ನೀರು ಅಂತ ಹಿಡಿದರೆ 48 ಲಕ್ಷ ಲೀಟರ್. ಜೋಳಕ್ಕೆ ಅದರ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧಕ್ಕಿಂತ ಕಡಿಮೆ. ಕಡಲೆಗೆ ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ಹಸಿಯೇ ಬಹುಮಟ್ಟಿಗೆ ಸಾಕು, ಒಂದು ನೀರು ಸಿಕ್ಕರೆ ಹಬ್ಬ.

ಹಾಗಾದರೆ ಜೋಳವೋ, ಕಡಲೆಯೋ? ಮಣ್ಣಿಗೆ ಕಡಲೆ ಒಳ್ಳೆಯದು. ಅದರ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ, ಯೂರಿಯಾ ಬೇಕಾಗುವುದಿಲ್ಲ. ಬಿತ್ತುವಾಗ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಲೇಪಿಸಿ ನೆರಳಲ್ಲಿ ಆರಿಸಿದರಾಯಿತು. ಭತ್ತ ಬೆಳೆದ ನೆಲಕ್ಕೆ ಇದು ಬೇಕೇ ಬೇಕು. ಆದರೆ ಕಡಲೆಗೆ ಚೌಳು, ಅಂದರೆ ಉಪ್ಪೇರಿದ ನೆಲ, ಆಗಿಬರುವುದಿಲ್ಲ. ಹೊಲದಲ್ಲಿ ಬಿಳಿ ಉಪ್ಪು ಕಾಣುತ್ತಿದ್ದರೆ ಕಡಲೆಯ ಆಸೆ ಬಿಡಿ, ಅಲ್ಲಿ ಜೋಳವೇ ಗಟ್ಟಿ. ದನ ಇದ್ದವರಿಗೆ ಕಣಿಕೆಯೂ (ಜೋಳದ ಒಣ ದಂಟು) ಲೆಕ್ಕಕ್ಕೆ ಬರುತ್ತದೆ.

ಜೋಳದ ಕಷ್ಟ ಹೊಲದಲ್ಲಿಲ್ಲ, ಮಾರುವ ಕಡೆ ಇದೆ. ಒಂದು ವರ್ಷ ಒಂದು ಖರೀದಿ ಕೇಂದ್ರದ ಬಾಗಿಲು ತೆರೆಯುವುದನ್ನೇ ಕಾಯುತ್ತಾ ನಮ್ಮ ರಾಶಿ ಮೂರು ವಾರ ತಾಡಪತ್ರಿಯ ಕೆಳಗೆ ಬಿದ್ದಿತ್ತು. ಅಕಾಲ ಮಳೆ ಬಂದ ರಾತ್ರಿ ಅಪ್ಪ ಟಾರ್ಚು ಹಿಡಿದು ಅಂಚುಗಳಿಗೆ ಕಲ್ಲು ಇಡುತ್ತಾ, "ಭತ್ತ ಆಗಿದ್ರ ಇಷ್ಟೊತ್ತಿಗೆ ಮಿಲ್ ಸೇರಿರ್ತಿತ್ತು ನೋಡು" ಅಂದರು. ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅದಕ್ಕೇ ನಾನು ಆರೂ ಎಕರೆಗೆ ಒಂದೇ ಎರಡನೇ ಬೆಳೆ ಹಾಕಿ ಅಂತ ಹೇಳುವುದಿಲ್ಲ.

ಹುಲ್ಲು ಸುಡುವ ಮಾತೂ ಇಲ್ಲೇ ಬರುತ್ತದೆ. ಕಟಾವು ಮಷಿನು ಬಂದ ಮೇಲೆ ಬೆಂಕಿ ಹಚ್ಚುವುದು ಸುಲಭವಾಗಿದೆ. ಟನ್ ಹುಲ್ಲಿನಲ್ಲಿ ಐದಾರು ಕೆಜಿ ಸಾರಜನಕ, ಸುಮಾರು 25 ಕೆಜಿ ಪೊಟ್ಯಾಷ್ ಇರುತ್ತದೆ. ಸಾರಜನಕ, ಇಂಗಾಲ ಹೊಗೆಯಾಗುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಗಾಳಿ, ನೀರಿಗೆ ಸಿಕ್ಕಿ ಹೋಗುತ್ತದೆ. ಹಾಗಂತ ಹುಲ್ಲನ್ನು ಉತ್ತು ತಕ್ಷಣ ನೀರು ಕಟ್ಟಿದರೆ ಮೀಥೇನ್ ಇನ್ನೂ ಜಾಸ್ತಿಯಾಗುತ್ತದೆ. ನೀರು ನಿಲ್ಲಿಸುವುದಕ್ಕೆ ಒಂದು ತಿಂಗಳು ಮೊದಲೇ ಒಣ ನೆಲದಲ್ಲಿ ಸೇರಿಸಿದರೆ ಈ ಹೆಚ್ಚಳ ಬಹಳ ಕಡಿಮೆ. ಎರಡನೇ ಭತ್ತದವರಿಗೆ ಆ ಒಂದು ತಿಂಗಳು ಸಿಗುವುದೇ ಇಲ್ಲ. ಅವರು ಬೆಂಕಿ ಹಚ್ಚುವುದು ಕೆಟ್ಟತನದಿಂದಲ್ಲ, ಕ್ಯಾಲೆಂಡರ್ ಹಾಗಿದೆ.

ಚೌಳಿಗೆ ಭತ್ತವೇ ಮದ್ದು ಅನ್ನೋ ಮಾತು

ಊರಲ್ಲಿ ಯಾರನ್ನು ಕೇಳಿದರೂ ಚೌಳು ನೆಲದಲ್ಲಿ ಭತ್ತ ಬಿಟ್ಟು ಬೇರೇನೂ ಬರುವುದಿಲ್ಲ ಅಂತಾರೆ. ನಾನೂ ನಂಬಿದ್ದೆ. ಉಪ್ಪು ತಡೆಯುವ ಶಕ್ತಿಯ ಅಂಕಿ ನೋಡಿದಾಗ ಅಚ್ಚರಿಯಾಯಿತು. ಮಣ್ಣಿನ ಲವಣಾಂಶ, ಅಂದರೆ ಇಸಿ, ಭತ್ತಕ್ಕೆ 3 ದಾಟಿದರೆ ಇಳುವರಿ ಬೀಳಲು ಶುರು. ಜೋಳ 6.8ರ ತನಕ ತಡೆಯುತ್ತದೆ. ಹತ್ತಿ 7.7. ಅಂದರೆ ಭತ್ತ ಉಪ್ಪಿಗೆ ಮೆತ್ತನೆಯ ಬೆಳೆ. ಅದು ಬದುಕುವುದು ನಿಂತ ನೀರು ಉಪ್ಪನ್ನು ಕೆಳಗೆ ತಳ್ಳಿ ಹಿಡಿದಿರುತ್ತದೆ ಅಂತ. ಬಸಿದು ಹೋಗಲು ದಾರಿ ಇಲ್ಲದ ಎರೆಯಲ್ಲಿ ಅಂತರ್ಜಲ ಮೇಲೇರಿ, ಕೊಯ್ಲಾದ ಮೇಲೆ ಬಿಸಿಲಿಗೆ ನೀರು ಆರಿ, ಉಪ್ಪು ಮತ್ತೆ ಮೇಲಕ್ಕೆ ಬರುತ್ತದೆ. ಮುಂದಿನ ವರ್ಷ ಇನ್ನಷ್ಟು ನೀರು ಬೇಕು.

ನಮ್ಮ ಹೊಲದ ಇಳಿಜಾರಿನ ಕಡೆಯ ಮೂಲೆಯಲ್ಲಿ ಹೀಗೆ ಅರ್ಧ ಎಕರೆ ಹೋಯಿತು. ಮಾರ್ಚಿನಲ್ಲಿ ಅಲ್ಲಿ ನಡೆದರೆ ಒಣಗಿದ ಹಪ್ಪಳ ತುಳಿದ ಹಾಗೆ ಪುಡಿಪುಡಿ ಸದ್ದು. ಚಪ್ಪಲಿಗೆ ಬಿಳಿ ಹುಡಿ ಮೆತ್ತಿಕೊಳ್ಳುತ್ತದೆ. ಅಂಗಡಿಯವರೊಬ್ಬರು ಮಣ್ಣು ನೋಡದೆಯೇ ಜಿಪ್ಸಂ ಹಾಕಿ ಅಂದರು. ಎರಡು ಲೋಡು ಹಾಕಿದೆವು. ಏನೂ ಆಗಲಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ನಮ್ಮದು ಬರೀ ಲವಣ ಹೆಚ್ಚಾದ ಮಣ್ಣು. ಜಿಪ್ಸಂ ಬೇಕಾದದ್ದು ಸೋಡಿಯಂ ಹೆಚ್ಚಾಗಿ ಪಿಎಚ್ 8.5 ದಾಟಿದ ಕರಲು ಮಣ್ಣಿಗೆ. ನಮಗೆ ಬೇಕಾಗಿದ್ದದ್ದು ಉಪ್ಪು ನೀರು ಬಸಿದು ಹೋಗುವ ಬಸಿಗಾಲುವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸವಳು ಜವಳಿನ, ಅಂದರೆ ಉಪ್ಪೇರಿದ, ನೀರು ನಿಲ್ಲುವ ನೆಲದ ವಿಷಯದಲ್ಲೇ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದೆ. ಮೊದಲು ಅಲ್ಲಿಗೆ ಹೋಗದೆ ಅಂಗಡಿಗೆ ಹೋದದ್ದು ನಮ್ಮ ತಪ್ಪು.

ಇನ್ನೊಂದು ಮೋಸದ ಅಂಕಿ ಇದೆ. ಗದ್ದೆ ಮಣ್ಣಿನ ಪರೀಕ್ಷೆಯಲ್ಲಿ ಸಾವಯವ ಇಂಗಾಲ ಚೆನ್ನಾಗಿಯೇ ಬರಬಹುದು. ಶೇ 0.5ಕ್ಕಿಂತ ಕೆಳಗೆ ಕಡಿಮೆ, ಶೇ 0.75ರ ಮೇಲೆ ಉತ್ತಮ ಅನ್ನೋದು ವಾಡಿಕೆ. ನೀರಿನಡಿ ಕೊಳೆಯುವುದು ನಿಧಾನ, ಹಾಗಾಗಿ ಇಂಗಾಲ ಉಳಿದಿರುತ್ತದೆ. ಆ ಒಂದು ಅಂಕಿ ನೋಡಿ ಮಣ್ಣು ಆರೋಗ್ಯವಾಗಿದೆ ಅಂದುಕೊಳ್ಳಬೇಡಿ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಇಸಿ, ಪಿಎಚ್ ಕೂಡ ಓದಿ.

ಕೊನೆಯ ತೂಬಿನವರಿಗೆ: ಹತ್ತಿಯೋ, ತೊಗರಿಯೋ

ರಾಯಚೂರು ಹತ್ತಿಯ ಪೇಟೆ. ಹಾಗಾಗಿ ಹತ್ತಿ ಬೇಡ ಅಂದರೆ ಕೇಳುವವರಿಲ್ಲ. ನೀರಿನ ದಿನ ಸೊನ್ನೆ, ಬೇರು ಆಳ, ಉದುರಿದ ಎಲೆ ನೆಲಕ್ಕೇ. ಇಲ್ಲಿಯವರೆಗೆ ಹತ್ತಿಯ ಲೆಕ್ಕ ಚೆನ್ನಾಗಿದೆ. ಕೆಡುವುದು ಡಿಸೆಂಬರಿನ ನಂತರ. 2002ರಲ್ಲಿ ಹುಳ ತಡೆಯುವ ಕುಲಾಂತರಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತು ಅಂದುಕೊಂಡರು. ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು. ಇನ್ನೊಂದು ಬಿಡಿತ ಸಿಗಲಿ ಅಂತ ಫೆಬ್ರವರಿ ತನಕ ಗಿಡ ಬಿಟ್ಟರೆ ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟಬೇಡಿ, ಸುಡಲೂ ಬೇಡಿ. ರೋಟಾವೇಟರಿನಿಂದ ಪುಡಿ ಮಾಡಿಸಿ ಮಣ್ಣಿಗೆ ಸೇರಿಸಿ.

ತೊಗರಿಗೆ ಎಕರೆಗೆ ಬೇಕಾಗುವ ಸಾರಜನಕ ಸುಮಾರು 10 ಕೆಜಿ. ಒಂದು ಚೀಲ ಡಿಎಪಿಯಲ್ಲೇ 9 ಕೆಜಿ ಇದೆ, ಮುಗಿಯಿತು. ಭತ್ತದ 60 ಕೆಜಿ ಜೊತೆ ಇಟ್ಟು ನೋಡಿ. ಗಿಡ ಹಬ್ಬುವುದು ನಿಧಾನ, ಮೊದಲ ಎರಡು ತಿಂಗಳು ಸಾಲಿನ ನಡುವಿನ ನೆಲ ಖಾಲಿ. ಅದಕ್ಕೇ ಹಿಂದಿನವರು ನಡುವೆ ನವಣೆ, ಸಜ್ಜೆಯ ಅಕ್ಕಡಿ (ನಡುವಿನ ಸಾಲು) ಹಾಕುತ್ತಿದ್ದರು. ನವಣೆ ಮೂರು ತಿಂಗಳಿಗೆ ಕೈಗೆ ಬರುತ್ತದೆ, ಆಮೇಲೆ ತೊಗರಿ ಆ ಜಾಗ ತುಂಬುತ್ತದೆ. ನೆಟೆ ರೋಗ ಬಂದ ಹೊಲದಲ್ಲಿ ಮಾತ್ರ ಮೂರು ನಾಲ್ಕು ವರ್ಷ ತೊಗರಿಯ ಹೆಸರು ಎತ್ತಬಾರದು. ನೀರು ನಿಲ್ಲುವ ತಗ್ಗಿನಲ್ಲೂ ಬೇಡ.

ಮೆಣಸಿನಕಾಯಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ದುಡ್ಡು ಬಂದಾಗ ಅದರಷ್ಟು ಬೇರೆ ಬೆಳೆ ಕೊಡುವುದಿಲ್ಲ, ನಿಜ. 2021ರಲ್ಲಿ ಕಪ್ಪು ಥ್ರಿಪ್ಸ್ ಕೀಟ ಬಂದಾಗ ವಾರಕ್ಕೆ ಎರಡು ಸಲ ಔಷಧ ಹೊಡೆದು ಸೋತವರನ್ನು ಕಂಡಿದ್ದೇನೆ. ಅಷ್ಟು ವಿಷ ಕುಡಿದ ಮಣ್ಣನ್ನು ನಾನು ಹೋಲಿಕೆಯ ಪಟ್ಟಿಗೆ ಸೇರಿಸುವುದಿಲ್ಲ.

ಮಳೆ ನಂಬಿದ ಹೊಲ

ಜೋಳ, ಕಡಲೆ ಬೆಳೆಯುವ ಒಣ ಬೇಸಾಯದವರು ತಮ್ಮದು ಪರಿಸರಕ್ಕೆ ಒಳ್ಳೆಯದು ಅಂತ ಬೀಗುವುದುಂಟು. ದಿನ ಎಣಿಸಿ ನೋಡಿ. ಎರೆ ಹೊಲವನ್ನು ಹಿಂಗಾರಿಗೆ ಅಂತ ಜೂನಿನಿಂದ ಸೆಪ್ಟೆಂಬರ್ ತನಕ ಕುಂಟೆ ಹೊಡೆದು ಖಾಲಿ ಇಡುತ್ತೇವೆ. ನಮ್ಮ ವರ್ಷದ 600 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಆಗಲೇ. ನೂರಕ್ಕೂ ಹೆಚ್ಚು ದಿನ ಬರಿ ನೆಲ, ಅದರ ಮೇಲೆ ಹೊಡೆಯುವ ಮಳೆ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಐದು ಟನ್. ಬಳ್ಳಾರಿಯಲ್ಲಿ 1954ರಿಂದ ಮಣ್ಣು, ನೀರು ಉಳಿಸುವ ಸಂಶೋಧನಾ ಕೇಂದ್ರ ಇರುವುದು ಸುಮ್ನೆ ಅಲ್ಲ.

ಖಾಲಿ ಬಿಡುವ ಬದಲು ಮುಂಗಾರಿಗೆ ಹೆಸರು ಬಿತ್ತಬಹುದು. 65 ದಿನಕ್ಕೆ ಬರುತ್ತದೆ, ಕಾಯಿ ಬಿಡಿಸಿ ಗಿಡ ಅಲ್ಲೇ ಸೇರಿಸಿದರೆ ಹಿಂಗಾರಿ ಜೋಳಕ್ಕೆ ಗೊಬ್ಬರ. ಆದರೆ ಪುಷ್ಯ, ಆಶ್ಲೇಷ ಮಳೆ ಕೈಕೊಟ್ಟರೆ ಹೆಸರು ಕುಡಿದ ಹಸಿ ಜೋಳಕ್ಕೆ ಸಿಗುವುದಿಲ್ಲ. ಆಳ ಎರೆ ಇದ್ದವರು ಈ ಜೂಜು ಆಡಬಹುದು. ಎರಡು ಅಡಿಗೆ ಗರಸು (ಕಲ್ಲುಮಣ್ಣು) ಸಿಗುವ ಹೊಲದವರು ಇಳಿಜಾರಿಗೆ ಅಡ್ಡ ಉಳುಮೆ, ಬದು, ಮುಂದೆ ಒಂದೇ ಬೆಳೆ ಅಂತ ನಿಂತುಕೊಳ್ಳುವುದು ಲೇಸು. ಕುಷ್ಟಗಿಯ ನಮ್ಮ ಮಸಾರಿಯಲ್ಲಿ ಯೋಚನೆಯೇ ಬೇಡ: ಸಜ್ಜೆ ಜೊತೆ ತೊಗರಿ. ಬರೀ ಶೇಂಗಾ ಹಾಕಿ ಗಿಡ ಬುಡಸಮೇತ ಕಿತ್ತಾಗ ಮಣ್ಣು ಸಡಿಲವಾಗಿ, ಮುಂದಿನ ಗಾಳಿಗೆ ಹಾರುವುದನ್ನು ಮಾವ ಎಷ್ಟೋ ಸಲ ತೋರಿಸಿದ್ದಾರೆ.

ಆರಿಸುವ ಮೊದಲು ಮಣ್ಣು ತೆಗೆಯುವುದನ್ನು ಮರೆಯಬೇಡಿ. ಬೆಳೆ ಇಲ್ಲದ ಹೊತ್ತಿನಲ್ಲಿ, ಹತ್ತು ಹದಿನೈದು ಕಡೆ, ಇಂಗ್ಲಿಷಿನ ವಿ ಆಕಾರದಲ್ಲಿ ಆರು ಇಂಚು ಗುಂಡಿ ತೋಡಿ ಅಂಚಿನ ಮಣ್ಣು ಕೆರೆದು, ಕಲಸಿ, ಅರ್ಧ ಕೆಜಿ ಉಳಿಸಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಬೇಡಿ, ಫಲಿತಾಂಶ ಸುಳ್ಳಾಗುತ್ತದೆ. ಬಿಳಿ ಉಪ್ಪಿನ ಮೂಲೆಯ ಮಣ್ಣು ಬೇರೆ, ಉಳಿದ ಹೊಲದ್ದು ಬೇರೆ ಕಟ್ಟಬೇಕು.

ನಮ್ಮ ಹೊಲದಲ್ಲಿ ಈ ಸಲ ನಾಲ್ಕು ಎಕರೆ ಕೂರಿಗೆ ಭತ್ತ, ಹಿಂದೆಯೇ ಎರಡು ಎಕರೆ ಕಡಲೆ, ಎರಡು ಎಕರೆ ಜೋಳ. ಮೇಲಿನ ಒಂದೂವರೆ ಎಕರೆ ಅಪ್ಪನ ಮಾತಿಗೆ ನಾಟಿ. ಆ ಚೌಳಿನ ಅರ್ಧ ಎಕರೆಯ ಅಂಚಿಗೆ ಬಸಿಗಾಲುವೆ ತೋಡಿಸಿ ಹಸಿರು ಗೊಬ್ಬರದ ಡಯಂಚ ಚೆಲ್ಲಿದ್ದೇವೆ. ಸೊಂಟದೆತ್ತರ ಬಂದಿದೆ. ಅದನ್ನು ನೋಡಿದಾಗಲೆಲ್ಲ ತಮ್ಮ, "ಇಷ್ಟು ಚಲೋ ಬಂದೈತಿ, ಮುಂದಿನ ಸಲ ಇಲ್ಲೂ ಭತ್ತ ಹಚ್ಚಿ ಬಿಡೋಣ" ಅಂತಾನೆ.